ಅಕ್ಕಿಯೊಳಗಿನ ಮದುಮಗಳು

19 ಏಪ್ರಿಲ್ 1962, ಗುರುವಾರ. ಬೆಳಿಗ್ಗೆ

ಹಾಲು ಇವತ್ತೂ ತೆಳು. ಹಾಲಿನ ಮುದ್ದುವನ್ನು ಕೇಳಿದರೆ ದನ ಹುಲ್ಲು ಮುಟ್ಟುತ್ತಿಲ್ಲ ಅನ್ನುತ್ತಾಳೆ. ತಪ್ಪು ದನದ್ದಲ್ಲ, ಅವಳ ಮನೆ ಬಾವಿಯದ್ದು. ನಾಳೆ ಅವಳೆದುರಿಗೇ ಬೆರಳು ಅದ್ದಿ ನೋಡಬೇಕು.

ಮಗಳು ಗಿರಿಜಾ ಎದ್ದಾಗಿನಿಂದ ಮುಖ ಊದಿಸಿಕೊಂಡಿದ್ದಾಳೆ. ಅವಳ ಕ್ಲಾಸಿನ ಹುಡುಗಿ, ಬಾಸಿಲ್ ಅವರ ಮಗಳು, ಅವಳ ಬರ್ತ್‌ಡೇಗೆ ಕೇಕ್, ಬಲೂನ್, ಗ್ರಾಮಫೋನ್ ಎಲ್ಲ ಇತ್ತಂತೆ. ಮೇ ಆರಕ್ಕೆ ಇವಳಿಗೆ ಒಂಬತ್ತು ತುಂಬುತ್ತದೆ. ತನಗೂ ಪಾರ್ಟಿ ಬೇಕು. ಇವರ ಗುಮಾಸ್ತ ಸಂಬಳದಲ್ಲಿ ಕೇಕ್... ಬೇಕರಿಯ ದಾರಿಯಲ್ಲಿ ನಡೆಯದಿದ್ದರೇ ಒಳ್ಳೆಯದು.

ಸಂಜೆ

ಉಪಾಯ ಹೊಳೆಯಿತು. ಗೊಂಬೆ ಮದುವೆ! ಹುಡುಗಿಯರೆಲ್ಲ ತಾಯಂದಿರ ಸೀರೆ ಉಟ್ಟು ನೆಂಟರಾಗಿ ಬರುವುದು. ಬಲೂನಿಗೆ ಬದಲು ಮಾವಿನ ತೋರಣ. ಕೇಕಿಗೆ ಬದಲು ಅವಲಕ್ಕಿ, ಪಾನಕ, ಹಿತ್ತಿಲ ಬಾಳೆಗೊನೆ — ಅಷ್ಟರೊಳಗೆ ಯಾರೂ ಕಡಿದುಕೊಂಡು ಹೋಗದಿದ್ದರೆ. ಆಮಂತ್ರಣದ ಕಾಗದ ಹಳೇ ಕ್ಯಾಲೆಂಡರಿನ ಬೆನ್ನ ಮೇಲೆ.

ಹೆಣ್ಣು, ನಮ್ಮ ಮನೆಯ ಗೊಂಬೆ, ಮಲಗಿಸಿದರೆ ಕಣ್ಣು ಮುಚ್ಚುವಂಥದ್ದು. ಅಕ್ಕ ಮದ್ರಾಸಿನಿಂದ ತಂದುಕೊಟ್ಟದ್ದು. ಅಕ್ಕ ತೀರಿಕೊಂಡು ಮೂರು ವರ್ಷ. ಅವಳದ್ದು ಅಂತ ಈ ಮನೆಯಲ್ಲಿ ಉಳಿದಿರುವುದು ಅದೊಂದೇ. ಗಂಡು, ಪಕ್ಕದ ಮನೆ ಸುಹರಾಳ ಮಗಳು ಮೈಮೂನಾಳ ನಾವಿಕ ಗೊಂಬೆ. ಆ ಹುಡುಗಿಯ ಅಪ್ಪ ಹಸೈನಾರ್ ಬೊಂಬಾಯಿಯ ಅಂಗಡಿಯೊಂದರಲ್ಲಿ ಇದ್ದಾನೆ, ಅಲ್ಲಿಂದ ಕಳಿಸಿದ್ದು. ಅವನು ಊರಿಗೆ ಬಂದು ಎರಡು ವರ್ಷವಾಯಿತಂತೆ. ಮೈಮೂನಾಳಿಗೂ ಇರುವುದು ಅದೊಂದೇ ಗೊಂಬೆ. ಇಬ್ಬರೂ ಕುಣಿದಾಡಿದರು.

24 ಏಪ್ರಿಲ್, ಮಂಗಳವಾರ

ಮೈಮೂನಾ ಒಂದು ನೂಲು ತಂದು ನಮ್ಮ ಗೊಂಬೆಯನ್ನು ಅಳೆದುಕೊಂಡು ಹೋದಳು. ತಲೆಯಿಂದ ಹಿಮ್ಮಡಿಯವರೆಗೆ. ನೂಲಿಗೆ ಗಂಟು ಬೇರೆ. ಯಾಕೆ ಅಂತ ಕೇಳಿದರೆ ಉಮ್ಮ, ಅಂದರೆ ಸುಹರಾ, ಹೇಳಿದ್ದು ಅಂದಳು, ಅಷ್ಟೆ. ರವಕೆ ಹೊಲಿಯುವುದಾದರೆ ಎದೆ, ತೋಳು ಅಳೆಯಬೇಕು. ಬರೀ ಉದ್ದ ಯಾಕೆ?

26 ಏಪ್ರಿಲ್, ಗುರುವಾರ

ಅತ್ತೆ ಹಲಸಿನ ಬೀಜ ಸುಲಿಯುತ್ತ ಒಂದು ಮಾತು ತೆಗೆದರು. "ಮದುವೆ ಆದ ಮೇಲೆ ಹುಡುಗಿಯನ್ನು ಗಂಡಿನ ಮನೆಗೆ ಕಳಿಸ್ಲಿಕ್ಕೆ ಉಂಟಲ್ಲ. ಗೊಂಬೆ ಆದ್ರೂ ಮದುವೆ ಮದುವೆಯೇ."

ಅತ್ತೆಯ ಗೊಂಬೆ ಹೀಗೆಯೇ ಹೋದದ್ದಂತೆ, ಅವರಿಗೆ ಎಂಟು ವರ್ಷವಿದ್ದಾಗ. ಮತ್ತೆ ಬರಲಿಲ್ಲವಂತೆ. ಹೇಳುವಾಗ ಇವತ್ತಿಗೂ ಅವರ ಸ್ವರ ಸಣ್ಣದಾಯಿತು.

ನೂಲಿನ ಅರ್ಥ ಈಗ ಆಯಿತು, ನಮ್ಮ ಗೊಂಬೆಯನ್ನು ಕರೆದುಕೊಂಡು ಹೋಗುವ ತಯಾರಿ. ಗಿರಿಜಾಗೆ ಹೇಳಿಲ್ಲ.

28 ಏಪ್ರಿಲ್, ಶನಿವಾರ

ಬಟ್ಟೆ ಒಣಗಿಸುವಾಗ ಗೋಡೆಯಾಚೆ ನೋಡಿದೆ. ಸುಹರಾ ಕೆಂಪು ಬಟ್ಟೆಯ ಚೀಲದೊಳಗೆ ಬೂರುಗದ ಹತ್ತಿ ತುಂಬುತ್ತಿದ್ದಳು. ಒಂದೂವರೆ ಗೇಣು ಉದ್ದ. ಹಾಸಿಗೆ! ನನ್ನನ್ನು ಕಂಡದ್ದೇ ಮೇಲೆ ಸೆರಗು ಮುಚ್ಚಿದಳು. ಒಳ್ಳೆಯ ಕೆಲಸವಾದರೆ ಮುಚ್ಚುವುದು ಯಾಕೆ?

ಅಂದರೆ ಅಲ್ಲಿ ಮಲಗಿಸುವ ಏರ್ಪಾಡೂ ಆಗಿದೆ. ಇವರಿಗೆ ಹೇಳಿದೆ. ಪೇಪರಿನಿಂದ ತಲೆ ಎತ್ತಲಿಲ್ಲ. "ಕೇಳಿಬಿಡು ಮಾರಾಯ್ತಿ. ಬಾಯಿ ಉಂಟಲ್ಲ."

ಕೇಳಿ, ಹೌದು ಕಳಿಸಿಕೊಡಿ ಅಂದುಬಿಟ್ಟರೆ? ಆಮೇಲೆ ಇಲ್ಲ ಅನ್ನುವುದು ಯಾವ ಬಾಯಲ್ಲಿ? ಕೇಳದಿರುವುದೇ ವಾಸಿ.

1 ಮೇ, ಮಂಗಳವಾರ

ಪಾತ್ರೆ ವಾಪಸು ಕೊಡುವ ನೆಪದಲ್ಲಿ ಸುಹರಾ ಬಂದಳು. ಜಗಲಿಯವರೆಗೆ. ಅತ್ತೆ ಇರುವುದರಿಂದ ಅವಳು ಒಳಗೆ ಬರುವುದಿಲ್ಲ. ಬರಬೇಡ ಅಂತ ಯಾರೂ ಹೇಳಿಲ್ಲ, ಬಾ ಅಂತಲೂ ಹೇಳಿಲ್ಲ. ಅಲ್ಲಿಂದಲೇ ಕತ್ತು ಚಾಚಿ ಗೊಂಬೆ ಇಡುವುದು ಯಾವ ಕೋಣೆಯಲ್ಲಿ, ಕಪಾಟಿನಲ್ಲೋ ಮಂಚದ ಮೇಲೋ ಅಂತ ವಿಚಾರಿಸಿದಳು. ಕಪಾಟಿಗೆ ಬೀಗ ಇದೆ ಅಂತ ಹೇಳಿಟ್ಟೆ. ಇಲ್ಲ, ಆದರೂ.

2 ಮೇ, ಬುಧವಾರ. ಮಧ್ಯಾಹ್ನ

ಮಾಡಿ ಮುಗಿಸಿದೆ. ಗಿರಿಜಾ ನಿದ್ದೆ ಹೋದಾಗ ಗೊಂಬೆಯನ್ನು ಬೆಳ್ತಿಗೆ ಅಕ್ಕಿಯ ಡಬ್ಬದೊಳಗೆ ಹೂತಿಟ್ಟೆ. ಕುಚ್ಚಲಕ್ಕಿಯಾದರೆ ದಿನಾ ತೆಗೆಯಬೇಕು. ಬೆಳ್ತಿಗೆ ಹಬ್ಬಕ್ಕೆ ಮಾತ್ರ, ಯಾರೂ ಕೈ ಹಾಕುವುದಿಲ್ಲ.

ಎದ್ದಾಗ ಹೇಳಿದೆ: ಗೊಂಬೆಯ ಕಣ್ಣು ಸಿಕ್ಕಿಹಾಕಿಕೊಂಡಿದೆ, ಬಂದರಿನ ವಾಚ್ ರಿಪೇರಿ ಹ್ಯೂಬರ್ಟನಿಗೆ ಕೊಟ್ಟು ಕಳಿಸಿದ್ದೇನೆ, ಬರಲು ತಡವಾಗಬಹುದು. ಅತ್ತಳು. ಹೆಸರು ಹೇಳಿದ್ದಕ್ಕೆ ನಂಬಿದಳು. ಇವರ ಹಳೇ ಪಂಚೆಯಲ್ಲಿ ಒಂದು ಬಟ್ಟೆಗೊಂಬೆ ಮಾಡಿದೆ. ತೆಂಗಿನ ನಾರಿನ ಜಡೆ. ಮಸಿಯ ಕಣ್ಣು, ಒಂದು ದೊಡ್ಡದು, ಒಂದು ಸಣ್ಣದು. ಸೆರಗು ಮುಖದ ಮೇಲೆ ಎಳೆದರೆ ನಡೆಯುತ್ತದೆ. ಇದನ್ನು ಬೇಕಾದರೆ ಕೊಂಡುಹೋಗಲಿ.

4 ಮೇ, ಶುಕ್ರವಾರ

ಗಿರಿಜಾ ಎಲ್ಲವನ್ನೂ ಮೈಮೂನಾಳಿಗೆ ಹೇಳಿದ್ದಾಳೆ. ಸುಹರಾ ಗೋಡೆಯಾಚೆಯಿಂದ ಕರೆದಳು. "ನೀರಜಕ್ಕ, ಹುಡುಗಿಯ ಕಣ್ಣಿಗೆ ಎಂತದೋ ಆಗಿದೆ ಅಂತಲ್ಲ. ನೀವು ಬೇಜಾರು ಮಾಡ್ಬೇಡಿ. ಅವಳ ತಂಗಿ ಆದ್ರೂ ನಮಗೆ ಆಗ್ತದೆ, ಮಾತು ಕೊಟ್ಟು ಆಗಿದೆ."

ಹೇಳಿ ನಕ್ಕಳು. ಯಾಕೆ ನಕ್ಕದ್ದು? ಗೊತ್ತಾಗಿರಬಹುದೇ... ಇಡೀ ದಿನ ಅದೇ ತಲೆಯಲ್ಲಿ. ಸಾರಿಗೆ ಎರಡು ಸಲ ಉಪ್ಪು ಹಾಕಿದೆ.

6 ಮೇ, ಆದಿತ್ಯವಾರ. ಸಂಜೆ ಏಳು

ಮುಗಿಯಿತು. ಪಾತ್ರೆ ಇನ್ನೂ ತೊಳೆದಿಲ್ಲ. ಆದರೂ ಬರೆಯಬೇಕು.

ಹತ್ತು ಹುಡುಗಿಯರು. ತಾಯಂದಿರ ಸೀರೆ ಎಡವಿ ಎಡವಿ ಬಂದರು. ಜಗಲಿಯಲ್ಲಿ ಚಹಾ ಪೆಟ್ಟಿಗೆಯ ಮಂಟಪ, ನಾಲ್ಕು ಮೂಲೆಗೆ ಬಾಳೆಕಂದು. ತೆಂಗಿನ ಗರಿಯ ಪೀಪಿ ವಾಲಗ. ಬಾಸಿಲ್ ಅವರ ಮಗಳೇ ಭಟ್ಟರು, ಹೆಗಲಿಗೆ ಇವರ ಸ್ನಾನದ ಬೈರಾಸು. ಮಂತ್ರದ ಬದಲು ಹನ್ನೆರಡರ ಮಗ್ಗಿ ಹೇಳಿದಳು, ಎಲ್ಲೂ ತಪ್ಪದೆ. ಅತ್ತೆ ಕೂಡ ಬಾಗಿಲಲ್ಲಿ ಕೂತು ನಕ್ಕರು. ಅರಶಿನದ ದಾರ ಕಟ್ಟಿಯಾಯಿತು. ಅವಲಕ್ಕಿ ಎಲ್ಲರಿಗೂ ಸಾಕಾಯಿತು, ಉಳಿಯಿತು ಕೂಡ. ಕೇಕಿನ ಸುದ್ದಿಯನ್ನು ಯಾರೂ ಎತ್ತಲಿಲ್ಲ.

ನಾನು ಮಾತ್ರ ಸುಹರಾಳ ಕೈಯನ್ನೇ ನೋಡುತ್ತಿದ್ದೆ. ಕಂಕುಳಲ್ಲಿ ಒಂದು ಗಂಟು. ಹೊರಡುವ ಹೊತ್ತಿಗೆ ಬಿಚ್ಚಿದಳು. ಅದೇ ಕೆಂಪು ಹಾಸಿಗೆ. ಎರಡು ತಲೆದಿಂಬು, ಅಂಚಿಗೆ ಜರಿ. ಒಂದು ಪುಟ್ಟ ಸೊಳ್ಳೆಪರದೆ. ಈಗ ಹೆಣ್ಣನ್ನು ಸುತ್ತಿಕೊಂಡು ಹೋಗುತ್ತಾಳೆ ಅಂದುಕೊಂಡೆ. ಹೋಗಲಿ, ಪಂಚೆ ತುಂಡು ತಾನೇ.

ಅವಳು ಹಾಸಿಗೆಯನ್ನು ನಮ್ಮ ಜಗಲಿಯ ಮೂಲೆಯಲ್ಲಿ ಹಾಸಿದಳು. ಹೆಣ್ಣನ್ನು ಮಲಗಿಸಿದಳು. ಮೈಮೂನಾ ಅವಳ ನಾವಿಕನನ್ನು ಒಂದು ಸಲ ಅಪ್ಪಿಕೊಂಡು ಪಕ್ಕದಲ್ಲಿ ಮಲಗಿಸಿದಳು. ತಾಯಿಯ ಕೈ ಹಿಡಿದು ಮೆಟ್ಟಿಲು ಇಳಿದಳು. ಬರಿಗೈಯಲ್ಲಿ.

ಗೊಂಬೆ ಬಿಟ್ಟು ಹೋಗುತ್ತಿದ್ದೀರಲ್ಲ ಅಂದೆ. ಸುಹರಾಳಿಗೆ ಆಶ್ಚರ್ಯ. "ಪುದಿಯಾಪ್ಳೆ ಮತ್ತೆಲ್ಲಿಗೆ ಹೋಗುವುದು ನೀರಜಕ್ಕ? ನಮ್ಮಲ್ಲಿ ಮದುಮಗ ಹೆಣ್ಣಿನ ಮನೆಗೇ ಬರುವುದಲ್ಲ. ನಿಮ್ಮಲ್ಲಿ ಹಾಗೆ ಇಲ್ವಾ?"

ತಲೆ ಅಲ್ಲಾಡಿಸಿದೆ. ಹೌದೋ ಇಲ್ಲವೋ ನನಗೇ ಗೊತ್ತಿಲ್ಲ.

ಹಾಸಿಗೆಗೆ ಅಳತೆ ತೆಗೆದದ್ದು ಅಕ್ಕನ ಗೊಂಬೆಯದ್ದು. ನನ್ನ ಪಂಚೆಗೊಂಬೆ ಗಿಡ್ಡ. ಕಾಲಿನ ಕಡೆ ನಾಲ್ಕು ಬೆರಳು ಹಾಸಿಗೆ ಖಾಲಿ ಉಳಿಯಿತು.

9 ಮೇ, ಬುಧವಾರ

ಎರಡು ದಿನ ಬರೆಯಲಿಲ್ಲ. ನಾಚಿಕೆ, ಬೇರೇನಲ್ಲ.

ಮೈಮೂನಾ ಗೋಡೆಯ ಬುಡದ ಕಲ್ಲು ಹತ್ತಿ ನಮ್ಮ ಜಗಲಿ ನೋಡುತ್ತಾಳೆ. ಬಂದು ಆಡು ಅಂದೆ. ಕೊಟ್ಟ ಮೇಲೆ ದಿನಾ ಹೋಗಿ ನೋಡಿದರೆ ಮರ್ಯಾದೆ ಅಲ್ಲ ಅಂತ ಉಮ್ಮ ಹೇಳಿದ್ದಾರಂತೆ. ಅಪ್ಪನಿಗೆ ಕಾಗದ ಬರೆದಾಯಿತಂತೆ, ಮದುವೆ ಚೆನ್ನಾಗಿ ಆಯಿತು ಅಂತ.

ನಾವಿಕನನ್ನು ವಾಪಸು ಕೊಟ್ಟುಬಿಡಬಹುದು. ಯಾಕೆ ಅಂತ ಕೇಳುತ್ತಾರೆ. ಅಕ್ಕನ ಗೊಂಬೆಯನ್ನು ರಿಪೇರಿಯಾಗಿ ಬಂತು ಅಂತ ತೆಗೆಯಬಹುದು. ನಾಡಿದ್ದು ತೆಗೆದರಾಯಿತು. ಯಾರಿಗೂ ತಿಳಿಯುವುದಿಲ್ಲ.

10 ಮೇ, ಗುರುವಾರ. ಸಂಜೆ

ಸುಹರಾ ಓಡಿಬಂದಳು. ಗಿರಿಜಾಗೆ ಖುಷಿಯಾಗಲಿ ಅಂತ, ತಾನೇ ರಿಪೇರಿ ಹಣ ಕೊಟ್ಟು ಗೊಂಬೆ ಬಿಡಿಸಿ ತಾ ಅಂತ ತಮ್ಮ ಅಯ್ಯೂಬನನ್ನು ಹ್ಯೂಬರ್ಟನ ಅಂಗಡಿಗೆ ಕಳಿಸಿದ್ದಳಂತೆ. ಅಂಥ ಗೊಂಬೆ ತನ್ನಲ್ಲಿಗೆ ಬಂದೇ ಇಲ್ಲ ಅಂದನಂತೆ ಹ್ಯೂಬರ್ಟ್. ಬರುವುದೆಲ್ಲಿಂದ?

"ಅವ ಮಾರಿರ್ಬೇಕು ನೀರಜಕ್ಕ. ಮುಖ ನೋಡಿದ್ರೇ ಗೊತ್ತಾಗ್ತದಂತೆ. ನಾಳೆ ಬೆಳಿಗ್ಗೆ ಅಯ್ಯೂಬ್ ನಾಲ್ಕು ಜನರನ್ನು ಕರ್ಕೊಂಡು ಹೋಗ್ತಾನೆ. ನಿಮ್ಮ ಅಕ್ಕನ ಗೊಂಬೆ ಅಲ್ವಾ, ಬಿಡ್ಲಿಕ್ಕೆ ಆಗ್ತದಾ?"

ಕೇಳುತ್ತ ನಿಂತೆ. ನನ್ನ ಮಾತೇ ಅವಳ ಬಾಯಿಂದ ಬರುತ್ತಿತ್ತು. ಹ್ಯೂಬರ್ಟ್ ಹೇಗಿದ್ದಾನೆಂದು ನಾನು ಸರಿಯಾಗಿ ನೋಡಿಯೂ ಇಲ್ಲ. ಬೋರ್ಡಿನ ಮೇಲಿನ ಹೆಸರು ಅಷ್ಟೆ, ಬಾಯಿಗೆ ಬಂದದ್ದು. ಅಲ್ಲೇ ಹೇಳಿಬಿಡಬೇಕಿತ್ತು. ಅತ್ತೆ ಕರೆದರು ಅಂತ ಒಳಗೆ ಹೋದೆ. ಕರೆದಿರಲಿಲ್ಲ.

11 ಮೇ, ಶುಕ್ರವಾರ. ಬೆಳಿಗ್ಗೆ ಏಳು

ಮುದ್ದು ಹಾಲು ಹಾಕಿ ಹೋದಳು. ಬೆರಳು ಅದ್ದಲಿಲ್ಲ.

ಡಬ್ಬದಿಂದ ಗೊಂಬೆ ತೆಗೆದೆ. ತಿರುಗಿದರೆ ಹಿಂದೆ ಗಿರಿಜಾ ನಿಂತಿದ್ದಾಳೆ. ಗೊಂಬೆಯ ರೆಪ್ಪೆಯಿಂದ ಅಕ್ಕಿಯ ಧೂಳು ಒರೆಸಿದಳು. ಮಲಗಿಸಿದಳು, ಎತ್ತಿದಳು, ಮತ್ತೆ ಮಲಗಿಸಿದಳು. "ಕಣ್ಣು ಸರಿ ಉಂಟಲ್ಲ ಅಮ್ಮ" ಅಂದಳು. ಹುಟ್ಟಿದಂದಿನಿಂದ ನೋಡಿದ ಮಗಳು, ನನ್ನನ್ನು ಹೀಗೆ ನೋಡಿದ್ದು ಇದೇ ಮೊದಲು.

ಹೋಗುತ್ತೇನೆ. ಅಯ್ಯೂಬ್ ಹೊರಡುವ ಮೊದಲು. ಅಕ್ಕನ ಗೊಂಬೆ, ನಾವಿಕ, ಹಾಸಿಗೆ, ಪರದೆ ಎಲ್ಲ ಕೊಂಡು. ಅಲ್ಲಿ ಮಾತು ತಡವರಿಸಬಾರದು, ಅದಕ್ಕೆ ಇಲ್ಲೇ ಬರೆದು ನೋಡುತ್ತಿದ್ದೇನೆ.

ಸುಹರಾ, ಹ್ಯೂಬರ್ಟ್ ಕದ್ದಿಲ್ಲ. ಗೊಂಬೆ ನಮ್ಮ ಅಕ್ಕಿ ಡಬ್ಬದಲ್ಲಿತ್ತು. ಇಟ್ಟದ್ದು ನಾನೇ. ನೀನು ನಿನ್ನ ಮಗಳಿಗಿದ್ದ ಒಂದೇ ಗೊಂಬೆಯನ್ನು ಕೊಡಲು ಹಾಸಿಗೆ ಹೊಲಿಯುತ್ತಿದ್ದಾಗ, ನಾನು ಗೋಡೆಯಾಚೆ ನಿಂತು ನಿನ್ನನ್ನು...

ಹ್ಯೂಬರ್ಟನಿಗೆ ಅಂಟಿದ ಆ ಶಬ್ದವನ್ನೇ ಇಲ್ಲಿ ಬರೆಯಲು ಆಗುತ್ತಿಲ್ಲ. ಪಕ್ಕದ ಮನೆಯ ಗೇಟು ತೆರೆಯಿತು. ಅಯ್ಯೂಬನ ಸೈಕಲ್ ಬೆಲ್. ಗಿರಿಜಾ ಗೊಂಬೆ ಎತ್ತಿಕೊಂಡು ಆಗಲೇ ಮೆಟ್ಟಿಲ ಮೇಲಿದ್ದಾಳೆ, ಚಪ್ಪಲಿ ಕೂಡ ಹಾಕದೆ. ಹೊರಟೆ. ಸುಹರಾ, ನಾನು ನಿನ್ನನ್ನು