ಬಾಲ ಮುಂದೆ

ಪ್ರೀತಿಯ ಅಕ್ಕ,

ನಿನ್ನ ಹಳೆಯ ಕ್ಯಾಮೆರಾದಲ್ಲಿ ನಾನು ತೆಗೆದ ಧೂಮಕೇತುವಿನ ಫೋಟೋ ಇದರ ಜೊತೆ ಇಟ್ಟಿದ್ದೇನೆ. ಮುಸ್ಸಂಜೆ ತಾರಸಿಯಿಂದ ತೆಗೆದ ನೂರಾರು ಮಸುಕು ಫೋಟೋಗಳನ್ನು ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಕೂಡಿಸಿದ ಮೇಲೆ ಇಷ್ಟು ಕಂಡಿತು. ಅಪ್ಪನೇ ಮೆಟ್ಟಿಲ ದೀಪ ಆರಿಸಿ, ನೀರಿನ ಟ್ಯಾಂಕಿಗೆ ಒರಗಿ ನಿಂತಿದ್ದರು.

ಮರುದಿನದ ಫೋಟೋ ಪಕ್ಕದಲ್ಲಿಟ್ಟು ನೋಡಿದರೆ ಧೂಮಕೇತು ಬಾಲ ಮುಂದೆ ಮಾಡಿಕೊಂಡು ಓಡುತ್ತಿದೆ! ಕ್ಯಾಮೆರಾವನ್ನೇ ತಲೆಕೆಳಗೆ ಕೂರಿಸಿದೆನೋ ಏನೋ ಎಂದು ಹಣೆ ಚಚ್ಚಿಕೊಂಡೆ. ಪುಸ್ತಕ ತೆಗೆದು ನೋಡಿದರೆ, ಹಾಗಲ್ಲವಂತೆ. ಬಾಲ ಯಾವಾಗಲೂ ಸೂರ್ಯನಿಗೆ ವಿರುದ್ಧ ದಿಕ್ಕಿಗೇ ಚಾಚಿರುತ್ತದೆ. ಆ ಬೆಂಕಿಯಿಂದ ದೂರ ಹೊರಟಾಗ ಬಾಲವೇ ಮುಂದೆ, ತಲೆ ಹಿಂದೆ.

ಅಪ್ಪ ಬಹಳ ಹೊತ್ತು ನೋಡಿ, "ನಿನ್ನಕ್ಕ ಇದನ್ನ ನೋಡಿದ್ಲಾ?" ಅಂದರು. ನೀನು ಗಂಡನ ಮನೆ ಬಿಟ್ಟ ಮೇಲೆ ಅವರು ನಿನ್ನ ಮಾತೆತ್ತಿದ್ದು ಇದೇ ಮೊದಲು.

ಆ ಹಾಸ್ಟೆಲ್ ವಾಸ ಸಾಕು, ಭಾನುವಾರ ಬಂದುಬಿಡು. ಹಳೆಯ ಉಣ್ಣೆಯ ಕಾಲುಚೀಲ ಇದ್ದರೆ ತಾ, ಲೆನ್ಸಿಗೆ ಇಬ್ಬನಿ ಕೂರದಂತೆ ಸುತ್ತಬೇಕು. ಅಪ್ಪನಿಗೆ ಹೇಗೆ ಮುಖ ತೋರಿಸಲಿ ಎಂದು ಒದ್ದಾಡಬೇಡ. ಚಿಕ್ಕಂದಿನಲ್ಲಿ ಎಲ್ಲರೂ ನನ್ನನ್ನು 'ಅಕ್ಕನ ಬಾಲ' ಎನ್ನುತ್ತಿದ್ದರಲ್ಲ? ಬಸ್ ನಿಲ್ದಾಣಕ್ಕೆ ಬರುತ್ತೇನೆ. ಈ ಸಲ ಬಾಗಿಲೊಳಗೆ ನಾನು ಮೊದಲು ಕಾಲಿಡುತ್ತೇನೆ, ನೀನು ನನ್ನ ಹಿಂದೆ ಬಾ.

ಇಂತಿ ನಿನ್ನ
ಬಾಲ