ಹಿಂದೆ ಹುಟ್ಟಿದ ಅಣ್ಣ

ಟೋಕಿಯೊ,
ಜುಲೈ ೨೮, ೧೯೫೮

ಪ್ರೀತಿಯ ಫುಜಿನೊ ಅಕ್ಕನಿಗೆ,

ಬಿಸಿಲಿಗೆ ಬೆಂದು, ಸೊಳ್ಳೆಗಳಿಗೆ ಊಟವಾಗಿ, ಆದರೂ ಇನ್ನೂ ಉಸಿರಾಡುತ್ತಿರುವ ನಿನ್ನ ತಂಗಿ ತೊಕಿಯೆ ಮಾಡುವ ನಮಸ್ಕಾರ. ಮಳೆ ಶುರುವಾದಾಗ ನೀನು ಬರೆದ ಕಾಗದಕ್ಕೆ ಮಳೆ ನಿಂತ ಮೇಲೆ ಉತ್ತರ ಬರೆಯುತ್ತಿದ್ದೇನೆ. ಬೈಯಬೇಡ. ಬೈದೇ ತೀರುವುದಾದರೆ ಭಾವನ ಎದುರಿಗೆ ಬೇಡ, ಅವರು ನೀನು ಏನಂದರೂ ತಲೆದೂಗುತ್ತಾರೆ. ಬದನೆಕಾಯಿ ಉಪ್ಪಿನಕಾಯಿ ತಲುಪಿತು. ದಾರಿಯಲ್ಲಿ ಸೋರಿತ್ತು, ಅಂಚೆಯವನು ಮೂಗು ಹಿಡಿದುಕೊಂಡು ಬಂದು, ಪಾರ್ಸೆಲ್ಲನ್ನು ಹಸುಗೂಸಿನ ಹಾಗೆ ಎರಡೂ ಕೈಯಲ್ಲಿ ಒಪ್ಪಿಸಿ ಓಡಿಹೋದ.

ನಿನ್ನ ಕಾಗದದ ತುಂಬ ಇದ್ದದ್ದು ಒಂದೇ ಪ್ರಶ್ನೆ: "ಆ ಹಾಳು ವಿದೇಶಿ ಧಾರಾವಾಹಿ ಯಾವಾಗ ಮುಳುಗುತ್ತೆ? ನಮ್ಮ ಗೆನ್ ಯಾವಾಗ ಮನೆಗೆ ಬರ್ತಾನೆ?" ಹೊಸವರ್ಷದ ದಿನ ನಮ್ಮ ತಮ್ಮ ಗೆನ್‌ಜೊ ನಿನ್ನೆದುರು ಮಂಡಿಯೂರಿ ಕೊಟ್ಟ ಮಾತು ನನಗೂ ನೆನಪಿದೆ. ಧಾರಾವಾಹಿ ಗೆದ್ದರೆ ಅವನು ಟೋಕಿಯೊದಲ್ಲಿ ಕಂಠದಾನದ ಕಲಾವಿದ. ಬಿದ್ದರೆ ಸಕಾತಾದಲ್ಲಿ ನಿಮ್ಮ ಉಪ್ಪಿನಕಾಯಿ ಅಂಗಡಿಯ ಮುಂದೆ ನಿಂತು ಗಿರಾಕಿಗಳನ್ನು ಕೂಗಿ ಕರೆಯುವವನು. "ಅಂಥ ಗಂಟಲು ಬಂದರಿನವರೆಗೂ ಕೇಳಿಸುತ್ತೆ, ಅಮೆರಿಕದವರ ಬಾಯಿಗೆ ಯಾಕೆ ಸುರಿಯಬೇಕು" ಎಂದು ನೀನು ಅಂದಿದ್ದೆ. ಟಿವಿ ಕಾರ್ಯಕ್ರಮವೊಂದು ಮುಳುಗಲಿ ಎಂದು ದೇವರಿಗೆ ಹರಕೆ ಹೊತ್ತವಳು ಇಡೀ ಜಪಾನಿನಲ್ಲಿ ನೀನೊಬ್ಬಳೇ ಇರಬೇಕು.

ದೇವರು ಕೇಳಿಸಿಕೊಂಡ ಅಕ್ಕ. ಮುಳುಗಿತು. ಹೇಗೆ ಮುಳುಗಿತು ಅನ್ನುವುದನ್ನು ನಾನೇ ಹೇಳಿಬಿಡುತ್ತೇನೆ. ಬೇರೆಯವರ ಬಾಯಿಂದ ಕೇಳಿದರೆ ಹೆಣಗಳು ಒಂದೆರಡು ಹೆಚ್ಚಾಗಿರುತ್ತವೆ.

'ಕೆಂಪು ಕಣಿವೆಯ ಅವಳಿಗಳು' ಅಮೆರಿಕದಲ್ಲಿ ಬರುವ ಹೊತ್ತಿಗೆ ಅಲ್ಲಿನ ಕಳ್ಳರೂ ಕೆಲಸಕ್ಕೆ ಹೋಗುವುದಿಲ್ಲವಂತೆ. ಕ್ಲೇ ಮತ್ತು ವೇಡ್ ಅಂತ ಇಬ್ಬರು ಅವಳಿ ಸೋದರರು. ಪ್ರತಿ ವಾರ ಮೊದಲು ದಾರಿಹೋಕರನ್ನು ಗುಂಡಿಟ್ಟು ಕೊಲ್ಲುತ್ತಾರೆ, ಆಮೇಲೆ ಕಾಳು ಬೇಯಿಸಿ ತಿನ್ನುತ್ತಾರೆ, ಕೊನೆಗೆ ತಿಂದದ್ದು ಅರಗಲೆಂದು ತಮ್ಮತಮ್ಮಲ್ಲೇ ಜಗಳಕ್ಕೆ ಬೀಳುತ್ತಾರೆ. ಹೊಡೆಯುವವನು ಯಾವಾಗಲೂ ಕ್ಲೇ. ಹೊಡೆಸಿಕೊಂಡು ಟೊಪ್ಪಿ ತೆಗೆಯುವವನು ವೇಡ್. ಕ್ಲೇಗೆ ನಮ್ಮ ಗೆನ್‌ನ ದನಿ. ವೇಡ್‌ಗೆ ಬಂಬಾ ತೆತ್ಸುಜಿ ಅವರ ದನಿ. ಬಂಬಾ ಹಳೆಯ ನಾಟಕ ಕಂಪನಿಯ ಕತ್ತಿವರಸೆ ನಟ, ತಲೆ ನರೆತರೂ ಎದೆ ತಗ್ಗಿಲ್ಲ. ನನ್ನದು ಹೆಂಡದಂಗಡಿಯ ಚೆಲುವೆಯ ದನಿ. ವಾರಕ್ಕೊಂದು ಮುತ್ತು, ಒಂದು ಕಿರುಚಾಟ. ಪರದೆಯ ಮೇಲೆ ಅವರ ತುಟಿ ಆಡಿದ ಹಾಗೆ ಒಂದೇ ಮೈಕಿನ ಸುತ್ತ ನಿಂತು ನಮ್ಮ ನಾಲಗೆ ಆಡಬೇಕು. ಮೊದಲೇ ದನಿ ಮುದ್ರಿಸಿಡುವ ಭಾಗ್ಯ ನಮಗಿಲ್ಲ, ಎಲ್ಲ ಆ ಕ್ಷಣದ್ದೇ. ಇಲ್ಲಿ ಒಬ್ಬ ಸೀನಿದರೆ ಇಡೀ ದೇಶಕ್ಕೆ ನೆಗಡಿ.

ಈಗ ತಪ್ಪಿನ ಮಾತು. ಇಂಗ್ಲಿಷಿನಲ್ಲಿ ಅಣ್ಣನಿಗೂ ತಮ್ಮನಿಗೂ ಒಂದೇ ಪದವಂತೆ. ಅಂಥ ಮನೆಗಳಲ್ಲಿ ಹಬ್ಬದ ದಿನ ಯಾರಿಗೆ ಮೊದಲು ಬಡಿಸುತ್ತಾರೋ ತಿಳಿಯದು. ಕತೆಯಲ್ಲಿ ತಾಯಿ ಒಮ್ಮೆ "ಕ್ಲೇ ಮೊದಲು ಹುಟ್ಟಿದ, ವೇಡ್ ಆಮೇಲೆ" ಅನ್ನುತ್ತಾಳೆ. ಅನುವಾದ ಮಾಡುವ ಉದೋನೊ ಮೇಷ್ಟ್ರು ಕ್ಯೋಟೋದ ಹಳೆಯ ಮನೆತನದವರು. ನಮ್ಮ ಅಜ್ಜಿ ಹೇಳುತ್ತಿದ್ದಳಲ್ಲ, ಅದನ್ನೇ ಅವರೂ ಹಿಡಿದರು: "ಅವಳಿಗಳಲ್ಲಿ ಹಿಂದೆ ಬಂದವನೇ ಅಣ್ಣ ಕಣಮ್ಮ. ಮುಂದೆ ಬರೋನು ದಾರಿಯ ಇಬ್ಬನಿ ಸರಿಸೋಕೆ ಬಂದ ಪರಿಚಾರಕ. ಯಜಮಾನ ಯಾವತ್ತಾದರೂ ಮುಂದೆ ಓಡಿ ಬರ್ತಾನಾ?" ಹೀಗಾಗಿ ವೇಡ್ ಅಣ್ಣನಾದ, ಕ್ಲೇ ತಮ್ಮನಾದ.

ಪರಿಣಾಮ ಏನಾಯಿತು ನೋಡು. ತಮ್ಮನಾದವನು ಪ್ರತಿ ವಾರ ಅಣ್ಣನ ಕಪಾಳಕ್ಕೆ ಬಾರಿಸುತ್ತಾನೆ, ಅಣ್ಣನಾದವನು ಟೊಪ್ಪಿ ತೆಗೆದು "ತಪ್ಪಾಯ್ತು" ಅನ್ನುತ್ತಾನೆ! ದಾರಿಹೋಕರು ಸತ್ತದ್ದಕ್ಕೆ ಯಾರೂ ಕಣ್ಣೀರು ಹಾಕಲಿಲ್ಲ. ಕಪಾಳಕ್ಕೆ ಮಾತ್ರ ದೇಶದ ಮೂಲೆಮೂಲೆಯಿಂದ ಕಾಗದ ಬಂತು. ಸೆಂದಾಯಿಯ ನಿವೃತ್ತ ಸ್ಟೇಷನ್ ಮಾಸ್ತರರೊಬ್ಬರು ಬರೆದಿದ್ದರು, "ಇಷ್ಟು ಜನ ಬಂದೂಕು ಇಟ್ಟುಕೊಂಡಿದ್ದಾರೆ, ಆ ತಮ್ಮನಿಗೊಂದು ಗುಂಡು ಹಾಕಲು ಯಾರಿಗೂ ಪುರುಸೊತ್ತಿಲ್ಲವೇ?" ಜನ ನಮ್ಮನ್ನು ಬಿಟ್ಟು ಪಕ್ಕದ ಚಾನೆಲ್ಲಿನ ಕುಸ್ತಿಗೆ ಹೋದರು. ಅಲ್ಲಿ ಕಚ್ಚಾಡುವವರು ಸಂಬಂಧಿಕರಂತೂ ಅಲ್ಲ.

ಕಾರ್ಯಕ್ರಮದ ಪ್ರಾಯೋಜಕರು ಹೊಟ್ಟೆನೋವಿನ ಗುಳಿಗೆ ಮಾಡುವವರು. ಅವರ ಕಡೆಯ ನೆಜು ಎಂಬ ಮನುಷ್ಯ ಸ್ವತಃ ಹೊಟ್ಟೆ ಹಿಡಿದುಕೊಂಡು ಬಂದ. "ಮುಂದಿನ ವಾರದಿಂದ ಕ್ಲೇನೇ ಅಣ್ಣ. ಕೆಸರಿಗೆ ಬಿದ್ದಾಗ ವೇಡ್ ಕೈಲಿ 'ಇಷ್ಟು ದಿನ ತಪ್ಪು ತಿಳಿದಿದ್ದೆ, ಕ್ಷಮಿಸು ಅಣ್ಣಾ' ಅನ್ನಿಸಿಬಿಡಿ, ಮುಗೀತು."

ಮುಗಿಯುವುದೆಲ್ಲಿ? ಅಷ್ಟು ವಾರ ಅಣ್ಣನಾಗಿದ್ದ ಬಂಬಾ ಸ್ಟುಡಿಯೋದ ಹೊರಗೂ ಅಣ್ಣನಾಗಿಬಿಟ್ಟಿದ್ದರು. ಚಹಾ ಮೊದಲು ಅವರಿಗೆ, ಫ್ಯಾನಿನ ಗಾಳಿಯೂ ಮೊದಲು ಅವರಿಗೆ. "ನನ್ನ ಮಗನ ವಯಸ್ಸಿನವನನ್ನ ಅಣ್ಣ ಅನ್ನಲಾ? ನಾಲಗೆ ಕಿತ್ತು ಕೈಗೆ ಕೊಟ್ಟೇನು!" ಅಂದರು. ಗೆನ್ ನಗುತ್ತ, "ಕೊಡಿ ಬಂಬಾ-ಸಾನ್, ನಮ್ಮಕ್ಕ ಅದನ್ನೂ ಉಪ್ಪಿನಲ್ಲಿ ಹಾಕಿಡ್ತಾಳೆ" ಅಂದ.

ಆ ದಿನ ಬಂತು. ಪರದೆಯ ಮೇಲೆ ಕ್ಲೇ ಗುದ್ದಿದ, ವೇಡ್ ಕೆಸರಿಗೆ ಬಿದ್ದ, ತುಟಿ ಆಡಿತು. ದನಿ ಮಾತ್ರ ಇಲ್ಲ. ಬಂಬಾ ಬಾಯಿಗೆ ಹೊಲಿಗೆ ಹಾಕಿದವರ ಹಾಗೆ ನಿಂತಿದ್ದರು. ಗೆನ್ ಮೊಣಕೈಯಿಂದ ತಿವಿದು, "ಅನ್ನಿ, ಅಣ್ಣ ಅನ್ನಿ" ಎಂದ. ಅದೂ ದೇಶಕ್ಕೆಲ್ಲ ಕೇಳಿಸಿತು.

"ಯಾವನೋ ಅಣ್ಣ? ಮೂಗು ಒರೆಸಿಕೊಳ್ಳೋಕೆ ಬರದ ಮುಂಡೇದೆ!" ಎಂದು ಬಂಬಾ ಅವನ ಮೂಗಿಗೇ ಗುದ್ದಿದರು. ಮೂಗು ಮುರಿಯಿತು. ಗೆನ್ ಸುಮ್ಮನಿರುವ ಆಸಾಮಿಯೇ? ಮುದುಕರ ಹೊಟ್ಟೆಗೆ ತಲೆ ಕೊಟ್ಟು ನುಗ್ಗಿ, ಗೋಡೆಗೆ ಒತ್ತಿ, ದವಡೆಗೆ ನಾಲ್ಕು ಬಿಗಿದ. ಒಂದು ಹಲ್ಲು ಹಾರಿ ನನ್ನ ಚಪ್ಪಲಿಯೊಳಗೆ ಬಿತ್ತು. ನಿಜವಾದ ಏಟಿಗೆ ಸದ್ದೇ ಇರುವುದಿಲ್ಲ ಅಕ್ಕ, ಒದ್ದೆ ಬಟ್ಟೆ ನೆಲಕ್ಕೆ ಬಿದ್ದ ಹಾಗೆ ಅಷ್ಟೆ. ಸದ್ದು ಮಾಡುವ ಕೆಲಸದ ಹಿರಾಓಕಾ ಕರ್ತವ್ಯನಿಷ್ಠ. ಪರದೆ ಬಿಟ್ಟು ಇವರಿಬ್ಬರನ್ನೇ ನೋಡುತ್ತ, ಒಂದೊಂದು ಏಟಿಗೂ ಚರ್ಮದ ದಿಂಬಿಗೆ ದೊಣ್ಣೆಯಿಂದ ಬಾರಿಸಿ ಮೆರುಗು ಕೊಟ್ಟ. ಅಷ್ಟರಲ್ಲಿ ಪರದೆಯ ಮೇಲೆ ನನ್ನ ಮುತ್ತಿನ ಸರದಿ ಬಂತು. ಕಾಲಬುಡದಲ್ಲಿ ನನ್ನ ತಮ್ಮ ರಕ್ತ ಕಾರುತ್ತಿದ್ದಾನೆ, ನಾನು "ಪ್ರಿಯಾ, ನಿನ್ನ ಎದೆಯ ಬಿಸಿಯಲ್ಲಿ ನಿದ್ದೆ ಬರುತ್ತಿದೆ" ಎನ್ನುತ್ತಿದ್ದೇನೆ.

ಎಲ್ಲರ ಕೆಲಸ ಹೋಯಿತೆಂದು ತಿಳಿದೆವು. ಆದರೆ ಫೋನುಗಳು ಬಡಿದುಕೊಳ್ಳತೊಡಗಿದವು. "ಇವತ್ತು ಬೊಂಬಾಟಾಗಿತ್ತು! ಇಷ್ಟು ದಿನ ಎಲ್ಲಿಟ್ಟಿದ್ರಿ ಇದನ್ನ?" ಅಮೆರಿಕವನ್ನೆಲ್ಲ ಗೆದ್ದ ಕತೆಗೆ ನಮ್ಮ ಜನ ಮೊದಲ ಸಲ ಮೆಚ್ಚುಗೆ ಹೇಳಿದ್ದು ಅಮೆರಿಕದವರಿಗಲ್ಲ, ನಮ್ಮ ಗೆನ್‌ನ ಮುರಿದ ಮೂಗಿಗೆ. ನೆಜು ಸಿಹಿ ಪೊಟ್ಟಣ ಹಿಡಿದು ಬಂದು, ಸೊಂಟ ಬಗ್ಗಿಸಿ, "ಮುಂದಿನ ವಾರವೂ ದಯಮಾಡಿ ಹೀಗೇ" ಎಂದ.

"ಬೇಡ ಕಣೋ, ಸಕಾತಾಗೆ ಹೋಗಿ ಮೂಲಂಗಿ ಮಾರು" ಅಂದೆ ನಾನು.

"ಇನ್ನೊಂದೇ ವಾರ ಅಕ್ಕಾ. ಜನ ನನ್ನ ದನಿಗೆ ಫೋನ್ ಮಾಡಿದ್ದಾರೆ."

"ನಿನ್ನ ದನಿಗಲ್ಲ, ನಿನ್ನ ಮೂಗಿಗೆ."

"ಮೂಗೂ ನಂದೇ ತಾನೆ?" ಎಂದು ಹತ್ತಿ ತುರುಕಿದ ಮೂಗಿನಲ್ಲಿ ನಕ್ಕ. ಧಾರಾವಾಹಿ ಗೆಲ್ಲುತ್ತದೆ, ತಾನು ಟೋಕಿಯೊದಲ್ಲೇ ಉಳಿಯುತ್ತೇನೆ ಎಂಬ ಆಸೆ ಅವನ ಕಣ್ಣಿನಲ್ಲಿ ಹೊಳೆಯುತ್ತಿತ್ತು. ಬೈಯಲು ನನ್ನಿಂದಾಗಲಿಲ್ಲ.

ಮುಂದಿನ ವಾರ ಇಬ್ಬರೂ ಮದುವೆಯ ಬೀಗರ ಹಾಗೆ ಎದುರುಬದುರು ಕೂತು ತಾಲೀಮು ಮಾಡಿದರು. "ಬಂಬಾ-ಸಾನ್, ಎಡಗೆನ್ನೆಗೆ ಹೊಡೆಯಲು ಅಪ್ಪಣೆಯೇ?" "ದಯವಿಟ್ಟು ಹೊಡೆಯಿರಿ. ಬಲಗಡೆ ಹಲ್ಲು ಹೋದ ಜಾಗ ಇನ್ನೂ ಹಸಿ, ಅದೊಂದು ಬಿಟ್ಟರೆ ಉಪಕಾರ." ಪ್ರಸಾರದ ದಿನ ಇಷ್ಟು ಮರ್ಯಾದೆಯ ಏಟು ಜನಕ್ಕೆ ಹಿಡಿಸಲಿಲ್ಲ. ಅರ್ಧದಲ್ಲೇ ಫೋನು ಬಂತು: "ಕಳ್ಳಾಟ! ಕುಸ್ತಿ ನೋಡೋಕೆ ಹೋಗ್ತೀವಿ." ಗಾಜಿನಾಚೆ ನಿಂತ ನೆಜು ಬೆವರುತ್ತ, ಮುಷ್ಟಿ ಎತ್ತೆತ್ತಿ, ಜೋರಾಗಿ, ಇನ್ನೂ ಜೋರಾಗಿ ಎಂದು ಸನ್ನೆ ಮಾಡತೊಡಗಿದ. ಗೆನ್ ಅದನ್ನು ನೋಡಿದ. ಬರೆದುಕೊಟ್ಟ ಮಾತನ್ನು ಬಿಟ್ಟು, ಬಂಬಾ ಅವರ ನರೆಗೂದಲನ್ನು ಹಿಡಿದು ಕೆಳಕ್ಕೆ ಜಗ್ಗಿ, ಮೈಕಿನೊಳಕ್ಕೆ ಹೇಳಿದ: "ತಮ್ಮಾ, ಅಣ್ಣನ ಬೂಟು ನೆಕ್ಕೋ."

ಬಂಬಾ ಹಿರಾಓಕಾನ ಕೈಯಿಂದ ದೊಣ್ಣೆ ಕಿತ್ತುಕೊಂಡರು. ಕತ್ತಿ ಬೀಸಿ ಪಳಗಿದ ಕೈ, ಗುರಿ ತಪ್ಪಲಿಲ್ಲ. ಗೆನ್ ಕುತ್ತಿಗೆ ಹಿಡಿದುಕೊಂಡು ಕುಸಿದ. ಆ ಏಟಿಗೆ ಸದ್ದು ಚೆನ್ನಾಗಿಯೇ ಬಂತು, ದಿಂಬು ಬೇಕಾಗಲಿಲ್ಲ. ಪರದೆಯ ಮೇಲೆ ಕ್ಲೇ ತಾಯಿಯ ಗೋರಿಯೆದುರು ಉದ್ದಕ್ಕೆ ಮಾತಾಡುತ್ತಿದ್ದ. ಅವನಿಗೆ ದನಿ ಕೊಡಲು ಯಾರೂ ಇರಲಿಲ್ಲವಾಗಿ ನಾನೇ ಕೊಟ್ಟೆ, ಹೆಂಡದಂಗಡಿಯ ಚೆಲುವೆಯ ದನಿಯಲ್ಲಿ: "ಅವ್ವಾ, ನಿನ್ನ ಮಗ ಗಂಡಸಾಗಿದ್ದಾನೆ." ಜಪಾನಿನಲ್ಲಿ ಆ ಧಾರಾವಾಹಿಯ ಕೊನೆಯ ಮಾತು ಅದೇ. ಮಾರನೆಯ ದಿನ ಗುಳಿಗೆಯವರು ಕೈತೊಳೆದುಕೊಂಡರು. ಈಗ ಆ ಹೊತ್ತಿನಲ್ಲಿ ಮೀನು ಹೆಚ್ಚುವುದನ್ನು ತೋರಿಸುತ್ತಾರೆ, ಜನ ಕಣ್ಣು ಮಿಟುಕಿಸದೆ ನೋಡುತ್ತಾರೆ. ಬಂಬಾ ತಾವಾಗಿಯೇ ಪೊಲೀಸ್ ಠಾಣೆಗೆ ನಡೆದುಹೋದರು; ಅಲ್ಲಿನವರು ಮೊದಲು ಅವರ ಹಸ್ತಾಕ್ಷರ ತೆಗೆದುಕೊಂಡು, ಆಮೇಲೆ ಒಳಗೆ ಹಾಕಿದರಂತೆ.

ಅಂತೂ ನೀನು ಗೆದ್ದೆ. ಹಿರಿಯರ ಹಬ್ಬಕ್ಕೆ ಮೊದಲೇ ಗೆನ್‌ನನ್ನು ಕರೆದುಕೊಂಡು ಬರುತ್ತೇನೆ. ಅವನ ಹಾಸಿಗೆ ಬಿಸಿಲಿಗೆ ಹಾಕು. ಅಡುಗೆಗೆ ಮುಳ್ಳಿನ ಮೀನು ಬೇಡ, ಮೆತ್ತಗಿನದೇನಾದರೂ ಮಾಡು. ಭಾವನ ಬೆನ್ನುನೋವು ಬೇಗ ಇಳಿಯಲಿ, ನಿಮ್ಮ ಜಾಡಿಗಳಿಗೆ ಬೂಸಲು ಹಿಡಿಯದಿರಲಿ, ಅಪ್ಪ ಅಮ್ಮನ ದೀಪಕ್ಕೆ ನನ್ನ ಪರವಾಗಿಯೂ ಎಣ್ಣೆ ಹಾಕು. ನನ್ನನ್ನೂ ಹರಸು ಅಕ್ಕ, ಈ ಸಲ ಬೈಯದೆ.

ನಿನ್ನ ತಂಗಿ,
ತೊಕಿಯೆ

ತಾ.ಕ.: ಇದನ್ನು ಮೇಲೆಯೇ ಬರೆಯಬೇಕಿತ್ತು, ಪೆನ್ನು ಪಕ್ಕಕ್ಕೇ ಸರಿಯುತ್ತಿತ್ತು. ಗೆನ್ ಆಸ್ಪತ್ರೆಯಲ್ಲಿದ್ದಾನೆ. ದೊಣ್ಣೆ ಬಿದ್ದದ್ದು ಸರಿಯಾಗಿ ಗಂಟಲಗಂಟಿಗೆ, ಅದು ನುಚ್ಚಾಗಿದೆ. ಉಸಿರಿಗೆಂದು ಕತ್ತಿನಲ್ಲಿ ತೂತು ಕೊರೆದು ನಳಿಗೆ ಇಟ್ಟಿದ್ದಾರೆ. ಜೀವಕ್ಕೆ ಭಯವಿಲ್ಲ, ದನಿ ಇನ್ನು ಬರುವುದಿಲ್ಲ ಎಂದರು ಡಾಕ್ಟರು. ಅವನ ತುಟಿ ಆಡುತ್ತದೆ. ನೀರು ಅನ್ನುತ್ತಾನೆ, ನೋವು ಅನ್ನುತ್ತಾನೆ. ತುಟಿ ನೋಡಿ ನಾನು ಜೋರಾಗಿ ಹೇಳುತ್ತೇನೆ, ನರ್ಸಮ್ಮ ಓಡಿ ಬರುತ್ತಾಳೆ. ನಿನ್ನ ಹೆಸರು ಬಂದಾಗ ಮಾತ್ರ ತುಟಿಯನ್ನೂ ಬಿಗಿ ಹಿಡಿಯುತ್ತಾನೆ. ಸ್ಟೇಷನ್ನಿಗೆ ಬಂದಾಗ ನಿನ್ನ ಅಭ್ಯಾಸದಂತೆ ಪ್ಲಾಟ್‌ಫಾರಮ್ಮಿನ ಆ ತುದಿಯಿಂದ "ಗೆನ್" ಎಂದು ಕೂಗಬೇಡ ಅಕ್ಕ. ಕೂಗಿದರೆ ಅವನು ಓಗೊಡಲು ನೋಡುತ್ತಾನೆ.