ಮಡಿಸೀರಿ ಮತ್ತು ಮೀನು

ಯರ್ರೆಮ್ಮ,

ಇದನ್ನ ನಿನಗ ಕಳಸಾಕ ಧೈರ್ಯ ಇಲ್ಲ, ಆದ್ರೂ ನಿನಗೇ ಹೇಳಬೇಕು. ಬಳ್ಳಾರ್ಯಾಗ ಕುಂತು ಒಂದು ತಿಂಗಳಿಂದ ಮೊಬೈಲ್‌ನ್ಯಾಗ ಸ್ಕಾಟ್ಲೆಂಡಿನ ಒಂದು ಗೂಡು ನೋಡಾಕತ್ತೀನಿ. ಮರದ ತುದಿಗೆ ಕ್ಯಾಮೆರಾ ಇಟ್ಟಾರ. ಗೂಡಿನ್ಯಾಗ ಮೀನುಹದ್ದಿನ ಜೋಡಿ, ಮೂರು ತತ್ತಿ. ಹೆಣ್ಣು ಕಾವಿಗೆ ಕೂತರ ಗಂಡು ಮೀನು ತಂದು ಕೊಡಬೇಕು.

ಎರಡು ದಿನದಿಂದ ಗಂಡಿನ ಸುಳಿವಿರಲಿಲ್ಲ. ಗಾಳಿ ಮಳಿಗೆ ಗೂಡು ತೊಟ್ಟಿಲದಂಗ ತೂಗತಿತ್ತು. ಆಕಿ ಹಸಕೊಂಡೇ ರೆಕ್ಕಿ ಅಗಲ ಮಾಡಿ ತತ್ತಿ ಮುಚ್ಚಿಕೊಂಡು ಕುಂತಿದ್ಲು. ಎಂಥಾ ಗಟ್ಟಿಗಿತ್ತಿ ಅಂತೀ!

ಇವತ್ತು ಬೆಳಿಗ್ಗೆ ಮಡಿಸೀರಿ ಉಟ್ಟು ಅಡಿಗಿ ಮಾಡಾಕತ್ತಿದ್ದೆ. ಮಡ್ಯಾಗ ಮೊಬೈಲ್ ಮುಟ್ಟಂಗಿಲ್ಲಂತ ಮೊದಲೇ ಕಿಟಕ್ಯಾಗ ನಿಲ್ಲಿಸಿದ್ದೆ. ಗೂಡಿಗೆ ಗಂಡು ಬಂದ, ಕಾಲಾಗ ಇನ್ನೂ ಒದ್ದಾಡೋ ಮೀನು ಹಿಡಕೊಂಡು!

"ಮೀನು ತಂದ! ಮೀನು ತಂದ!" ಅಂತ ಸೌಟು ಎತ್ತಿ ಕೂಗಿಬಿಟ್ಟೆ.

"ಸುಮೇಧಾ, ಮಡ್ಯಾಗ ಏನಂತ ಒದರ್ತೀಯ?" ಅಂದ್ರು ದೇವರ ಮುಂದಿದ್ದ ನಮ್ಮತ್ತಿ.

ಗೂಡಿನ್ಯಾಗ ಆ ಹೆಣ್ಣು ಮೀನು ಹರಿದು ತಿನ್ನೋದನ್ನ ಪೂರ್ತಿ ನೋಡಿದೆ. ಸೆರಗು ಮೂಗಿಗೆ ಹೋಗಲಿಲ್ಲ.

ಅವತ್ತು ಕರೂರಿನ್ಯಾಗ, ನಿಮ್ಮ ಮನಿ ಹೊಸ್ತಿಲ ಮ್ಯಾಲ, ಸೆರಗು ಮೂಗಿಗೆ ಹೋಗಿತ್ತು. ಆಗ ಇಬ್ಬರೂ ಒಂದೇ ಸಾಲ್ಯಾಗ ಟೀಚರು. ಒಳಗ ಮೀನಿನ ಸಾರು ಕುದೀತಿತ್ತು. ನನಗಂತನ ನಿಮ್ಮವ್ವ ಬ್ಯಾರೆ ಮೊಸರನ್ನ ಕಲಸಿ, ಸಿರುಗುಪ್ಪದಿಂದ ಹೊಸ ತಾಟು ತರಿಸಿದ್ರು. ನಾನು ಬಸ್ಸಿನ ನೆವ ಹೇಳಿ ಹೊರಟುಬಂದೆ. ಮರುದಿನದಿಂದ ನೀನು ಸ್ಟಾಫ್ ರೂಮಿನ್ಯಾಗ ನನ್ನ ಪಕ್ಕ ಕೂಡಲಿಲ್ಲ.

ಯರ್ರೆಮ್ಮ, ಆ ತಾಟಿನ್ಯಾಗ ಆಮ್ಯಾಲ ಯಾರಾದ್ರೂ ಉಂಡ್ರೇನು?